ಗೋಡೆಯ ಕಾಲಿಗೆ ಸಿಮೆಂಟು

ಬಂಕಾಪುರದ ಹಳೆ ಓಣಿಗಳಲ್ಲಿ ಗೋಡೆ ನೋಡಲು ಹೊರಟವರು ಕಣ್ಣನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿಕೊಂಡು ನಡೆಯಬೇಕು. ತಲೆಬಾಗಿಲಿನ ಕೆತ್ತನೆ, ಕಟ್ಟೆಯ ಕಂಬ, ಬೋದಿಗೆಯ ಹೂಬಳ್ಳಿ ಎಲ್ಲ ಆಮೇಲೆ. ಮನೆಯ ಆರೋಗ್ಯ ಗೊತ್ತಾಗುವುದು ನೆಲದಿಂದ ಮೇಲಿನ ಮೂರು ಅಡಿಯೊಳಗೆ. ಅಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿದೆಯೇ, ಬಿಳಿ ಉಪ್ಪು ಹೊರಬಿದ್ದಿದೆಯೇ, ತೇವದ ಗೆರೆ ಎಷ್ಟು ಎತ್ತರಕ್ಕೆ ನಿಂತಿದೆ, ಗೋಡೆ ಹೊಟ್ಟೆ ಬಿಟ್ಟಿದೆಯೇ? ಇಷ್ಟು ನೋಡಿದರೆ ಅರ್ಧ ಕಥೆ ತಿಳಿಯಿತು. ಈ ಹುಚ್ಚು ಹತ್ತಿಸಿಕೊಂಡ ಮೇಲೆ ಕಟ್ಟಿಕೊಂಡ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶಿಗ್ಗಾವಿ, ಸವಣೂರು, ಹಾನಗಲ್ಲ ಸೀಮೆಯ ಮಣ್ಣಿನ ಗೋಡೆಗಳನ್ನು ಮಳೆಗಿಂತ ಹೆಚ್ಚಾಗಿ ಕೆಡವುತ್ತಿರುವುದು ನಾವೇ ಮಾಡಿಸುವ ರಿಪೇರಿ.

2019ರ ಆಗಸ್ಟ್ ಯಾರಿಗೂ ಮರೆತಿಲ್ಲ. ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು. ಎ, ಬಿ, ಸಿ ಎಂದು ವರ್ಗ ಮಾಡಿ, ಪೂರ್ತಿ ಬಿದ್ದವಕ್ಕೆ 5 ಲಕ್ಷ ರೂಪಾಯಿ ಪರಿಹಾರ ಅಂದರು. ವರದಾ ದಂಡೆಯ ಊರುಗಳಲ್ಲಿ ಬಿದ್ದದ್ದು ಸರಿ, ಹೊಳೆ ನುಗ್ಗಿತ್ತು. ಹೊಳೆಯ ನೀರು ಮುಟ್ಟದ ಊರುಗಳಲ್ಲೂ ಗೋಡೆಗಳು ಮಲಗಿದ್ದು ಯಾಕೆ? ಎಷ್ಟೋ ಗೋಡೆಗಳು ಮಳೆ ಹೊಯ್ಯುವಾಗ ನಿಂತಿದ್ದು, ಬಿಸಿಲು ಬಿದ್ದ ಮೇಲೆ ಕುಸಿದದ್ದು ಯಾಕೆ? ಸರ್ಕಾರಿ ಲೆಕ್ಕಕ್ಕೆ ಕಾರಣ ಒಂದೇ, ಅತಿವೃಷ್ಟಿ. ಗೌಂಡಿಗಳನ್ನು ಕೇಳಿ ನೋಡಿ, ಬೇರೆ ಹೇಳುತ್ತಾರೆ. "ಗ್ವಾಡಿ ಒಳಗಿಂದ ಕರಗಿತ್ರೀ, ಹೊರಗ ಸಿಮೆಂಟ್ ಹಿಡಕೊಂಡು ನಿಂತಿತ್ತು" ಎಂದ ಒಬ್ಬ ಮುದುಕನ ಮಾತಿಗಿಂತ ಸ್ಪಷ್ಟವಾದ ವರದಿಯನ್ನು ನಾನು ಓದಿಲ್ಲ.

ಹಳೆಯ ಗೋಡೆಯ ಲೆಕ್ಕಾಚಾರ ಹೀಗಿತ್ತು. ಕೆಳಗೆ ಕಲ್ಲಿನ ಪಾಯ, ಮೇಲೆ ಕೆಸರಿನಲ್ಲಿ ಕೂರಿಸಿದ ಕಲ್ಲು ಇಲ್ಲವೇ ಹಸಿ ಇಟ್ಟಿಗೆ. ದಪ್ಪ ಎರಡಡಿ, ಕೆಲವೆಡೆ ಇನ್ನೂ ಹೆಚ್ಚು. ಅದರ ಮೇಲೆ ಹೊಟ್ಟು ಕಲಸಿ ಕೊಳೆಸಿದ ಮಣ್ಣಿನ ಗಿಲಾವ್, ಸಗಣಿ ಸಾರಣೆ, ಸುಣ್ಣ. ನೆಲದ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ, ಅದನ್ನು ತಡೆಯುವ ಉಪಾಯ ಹಿರಿಯರಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಏರಿದ ನೀರು ಎರಡು ಮೂರು ಅಡಿ ಮುಟ್ಟುವಷ್ಟರಲ್ಲಿ ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಏರುವುದಕ್ಕೂ ಆರುವುದಕ್ಕೂ ಸರಿಹೋದರೆ ಗೋಡೆ ನೂರು ವರ್ಷ ನಿಲ್ಲುತ್ತದೆ. ಗಿಲಾವ್ ಉದುರಿದರೆ ದೀಪಾವಳಿಗೆ ಮುಂಚೆ ಮತ್ತೆ ಮೆತ್ತುವುದು, ಅಷ್ಟೇ.

ಆ ಉದುರುವಿಕೆ ನಮಗೆ ಸಹಿಸಲಾಗಲಿಲ್ಲ. ಒಮ್ಮೆ ಮಾಡಿಸಿ ಕೈತೊಳೆದುಕೊಳ್ಳೋಣ ಎಂದು ಮೂರಡಿ ಎತ್ತರಕ್ಕೆ ಸಿಮೆಂಟ್ ಬಳಿಸಿದೆವು. ಹೊರಗೂ ಒಳಗೂ. ನೀರು ಏರುವುದು ನಿಲ್ಲಲಿಲ್ಲ, ಆರುವ ದಾರಿ ಮಾತ್ರ ಮುಚ್ಚಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವದ ಗೆರೆ ಸಿಮೆಂಟಿನ ಮೇಲಂಚು ದಾಟಿ ನಾಲ್ಕಡಿ, ಐದಡಿಗೆ ಬಂತು. ಸಿಮೆಂಟು ಮಣ್ಣಿಗೆ ಕಚ್ಚಿಕೊಳ್ಳುವುದೂ ಇಲ್ಲ. ಬಿಸಿಲಿಗೆ ಸಣ್ಣಗೆ ಸೀಳಿ, ಆ ಸೀಳಿನಲ್ಲಿ ಮಳೆನೀರು ಒಳಗಿಳಿದು ಅಲ್ಲೇ ಕೂರುತ್ತದೆ. ಒಣಗಿದ ಮಣ್ಣು ಹೊರುವ ಭಾರವನ್ನು ಹಸಿ ಮಣ್ಣು ಹೊರಲಾರದು. ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿಯುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸಿಮೆಂಟಿನ ತೊಗಲಿನ ಹಿಂದೆ ಗೋಡೆ ಆಗಲೇ ಜಾರಿಕೊಂಡಿದೆ.

ತೇವ ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವುದೇ ಈ ಹವ್ಯಾಸದ ಸುಖ. ನೆಲದಿಂದ ಏರಿದ್ದು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಗೆರೆ ಬಿಡುತ್ತದೆ. ಮಾಡಿನಿಂದ ಇಳಿದದ್ದು ಮೇಲೆ ಅಗಲ, ಕೆಳಗೆ ಚೂಪು. ಬಚ್ಚಲಿನದು ಬಚ್ಚಲ ಪಕ್ಕಕ್ಕೇ ಇರುತ್ತದೆ, ವರ್ಷವಿಡೀ ಇರುತ್ತದೆ. ಚಳಿಗಾಲದ ಬೆಳಗಿನ ತೇವ ಅಡುಗೆಮನೆಯ ಉಸಿರಿನದೂ ಇರಬಹುದು. ಅನುಮಾನ ಇದ್ದರೆ ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ನೀರು ಗೋಡೆಯದು, ಮುಂದೆ ಕಟ್ಟಿದರೆ ಕೋಣೆಯ ಗಾಳಿಯದು. ಎರಡು ಮುಳ್ಳು ಚುಚ್ಚಿ ತೇವದ ಅಂಕಿ ತೋರಿಸುವ ಮೀಟರು ಹಿಡಿದು ಬರುವವರ ಮುಂದೆ ಸ್ವಲ್ಪ ಹುಷಾರಾಗಿರಿ. ಆ ಯಂತ್ರ ಅಳೆಯುವುದು ನೀರನ್ನಲ್ಲ, ಕರೆಂಟು ಎಷ್ಟು ಹರಿಯುತ್ತದೆ ಎಂಬುದನ್ನು. ಉಪ್ಪು ತುಂಬಿದ ಗೋಡೆ ಕೊಂಚ ತೇವಕ್ಕೇ ತೊಪ್ಪೆಯಾದ ಗೋಡೆಯಷ್ಟು ಅಂಕಿ ತೋರಿಸುತ್ತದೆ.

ಉಪ್ಪಿನ ವಿಷಯ ಬಂತಲ್ಲ, ಇದು ನನಗೆ ತುಂಬ ಪ್ರಿಯವಾದದ್ದು. ನಮ್ಮ ಕಡೆ ದನ ಕಟ್ಟುತ್ತಿದ್ದದ್ದು ಮನೆಯೊಳಗೇ. ತಲೆಮಾರುಗಟ್ಟಲೆ ಗಂಜಲ ಕುಡಿದ ನೆಲ, ಅದಕ್ಕೆ ತಾಗಿದ ಗೋಡೆ. ಗಂಜಲ ಕೊಳೆತು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಹಿಂದೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ತೆಗೆಯುತ್ತಿದ್ದದ್ದು ಇಂಥ ಹಳೆ ಗೋಡೆಗಳ, ಕೊಟ್ಟಿಗೆಗಳ ಮಣ್ಣು ಸೋಸಿಯೇ. ಆ ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ದನ ಮಾರಿ, ಟೈಲ್ಸ್ ಹಾಕಿಸಿ, ಸೋಫಾ ಇಟ್ಟ ಕೋಣೆಯ ಗೋಡೆ ಆಷಾಢದಲ್ಲಿ ಮಳೆ ಹನಿಯದ ದಿನವೂ ಕಪ್ಪಾಗುವುದು ಇದರಿಂದ. ಜಲನಿರೋಧಕ ಬಣ್ಣ ಇದಕ್ಕೆ ಮದ್ದಲ್ಲ. ಬಣ್ಣದ ಹಿಂದೆ ಉಪ್ಪು ಹರಳುಗಟ್ಟಿ ಬಣ್ಣವನ್ನೇ ಒದ್ದು ಹೊರಹಾಕುತ್ತದೆ.

ಇನ್ನೊಂದು ಬಗೆಯ ಉಪ್ಪಿನ ಮಣ್ಣು ಮಾಳಿಗೆಯ ಮೇಲೆ ಗುಣ ಮಾಡುತ್ತದೆ ಎಂಬುದು ಸೋಜಿಗ. ಹಾನಗಲ್ಲ ಕಡೆ ಹೆಂಚು ಹೆಚ್ಚು, ಸವಣೂರು ದಾಟಿ ಮೂಡಲಿಗೆ ಹೋದಂತೆ ಮಾಳಿಗೆ. ಮಾಳಿಗೆಯ ಮೇಲ್ಮುದ್ದೆಗೆ ಕರಲು ಮಣ್ಣು ಹುಡುಕಿ ತಂದು ಹಾಸುವುದು ಬಯಲುಸೀಮೆಯ ಪದ್ಧತಿ. ಸೋಡಿಯಂ ಹೆಚ್ಚಿರುವ ಈ ಮಣ್ಣು ಮೊದಲ ಮಳೆಗೆ ನುಣ್ಣಗೆ ಕದಡಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ನೀರು ಮೇಲೆಯೇ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮಾಡಿಗೆ ಕೊಡೆ. ಮೇಲ್ಮುದ್ದೆ ಸೋರಿದರೆ ಮೊದಲು ಸಾಯುವುದು ಗೋಡೆಯೊಳಗೆ ಹೂತ ತೊಲೆಯ ತುದಿ. ಕಣ್ಣಿಗೆ ಕಾಣುವ ಭಾಗ ಗಟ್ಟಿಯಾಗಿಯೇ ಇರುತ್ತದೆ. ಗೋಡೆಗೆ ಸೇರುವ ಜಾಗದಲ್ಲಿ ದಬ್ಬಣ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಆ ರಾತ್ರಿ ಅದರ ಕೆಳಗೆ ಹಾಸಿಗೆ ಹಾಸಬೇಡಿ.

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಗೆ, ಅಂದರೆ ಊರವರ ಅರವತ್ತು ಕಂಬದ ಗುಡಿಗೆ, ನೆಲದ ತೇವ ಏರುವ ಕಾಯಿಲೆ ಬಾರದು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಹಿಡಿದ ಬಳಪದ ಕಲ್ಲಿನ ಮೈ ಬಿಗಿ. ನೀರು ಅದರಲ್ಲಿ ಅಷ್ಟಾಗಿ ಏರುವುದಿಲ್ಲ. ಇಂಥ ಗುಡಿಗಳಿಗೆ ನೀರು ಬರುವುದು ಮೇಲಿನಿಂದ, ಗಾರೆಯಿಲ್ಲದೆ ಕೂಡಿಸಿದ ಚಪ್ಪಡಿಗಳ ಸಂದಿನಿಂದ. ಕೋಟೆಗೋಡೆಯ ಶತ್ರು ಬೇರೆಯೇ. ಅರಳಿ, ಆಲದ ಬೇರು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಕಡಿದ ಬುಡಕ್ಕೆ ಮದ್ದು ಹಚ್ಚಿ, ಬೇರು ಅಲ್ಲೇ ಸತ್ತ ಮೇಲೆ ಸುಣ್ಣದ ಗಚ್ಚು ತುಂಬಬೇಕು. ಕೋಟೆಯೊಳಗಿನ 139 ಎಕರೆಯ ನವಿಲುಧಾಮದಲ್ಲಿ ನವಿಲು ನೋಡಲು ಬಂದವರು ಒಮ್ಮೆ ಗೋಡೆಯ ಮೇಲೂ ಕಣ್ಣು ಹಾಯಿಸಲಿ.

ಇನ್ನು ಮನೆಗೋಡೆಯ ಚಿಕಿತ್ಸೆ. ದೀಪಾವಳಿ ಕಳೆದ ಮೇಲೆ, ಗಾಳಿ ಒಣಗಿದಾಗ ಕೈಹಾಕಿ. ಮೊದಲು ತೊಲೆಗಳಿಗೆ ಆಸರೆ ಕೊಡಿ, ಯಾಕೆಂದರೆ ಕೆಲವು ಗೋಡೆ ನಿಂತಿರುವುದೇ ಸಿಮೆಂಟಿನ ಹಿಡಿತದಲ್ಲಿ. ಆಮೇಲೆ ಮೂರು ಮೂರು ಅಡಿಯಂತೆ, ನಡುವೆ ಜಾಗ ಬಿಟ್ಟು ಸಿಮೆಂಟ್ ಕಳಚಿ. ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದು ಕರಗಿ ಮರಳಿ ಒಳಹೋಗುತ್ತದೆ. ಕರಗಿದ ಬುಡವನ್ನು ತುಂಡು ತುಂಡಾಗಿ ತೆಗೆದು ಕಲ್ಲು ಕಟ್ಟಿಸಿ. ಬಳಿಕ ಕಾಯಬೇಕು. ಒಂದು ಇಂಚು ಒಣಗಲು ಒಂದು ತಿಂಗಳು ಎಂಬುದು ಬಲ್ಲವರ ಅಂದಾಜು. ಎರಡಡಿ ಗೋಡೆ ಎರಡೂ ಕಡೆಯಿಂದ ಆರಿದರೂ ಮುಂದಿನ ದೀಪಾವಳಿ ಬಂದಿರುತ್ತದೆ. ಅಲ್ಲಿಯವರೆಗೆ ತೆಳುವಾದ ಮಣ್ಣಿನ ಗಿಲಾವ್ ಸಾಕು. ಅದು ಉಪ್ಪು ಹೀರಿಕೊಂಡು ಉದುರಲಿ, ಉದುರಲಿಕ್ಕೆಂದೇ ಅದನ್ನು ಹಚ್ಚಿದ್ದು. ಕೊನೆಗೆ ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಗಾರೆ. ಗೋಡೆಗೆ ತೂತು ಕೊರೆದು ಔಷಧ ತುಂಬುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಇಟ್ಟಿಗೆಯ ಸಮ ಸಾಲಿಗೆ ಮಾಡಿದ ಉಪಾಯ ಅದು, ಕಲ್ಲು ಕೆಸರು ಕಲೆತ ನಮ್ಮ ಗೋಡೆಯಲ್ಲಿ ಔಷಧ ಎತ್ತ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮನೆ ಮುಂದಿನ ರಸ್ತೆ ಹೊಸಿಲಿಗಿಂತ ಎತ್ತರ ಇದ್ದರೆ ದುಡ್ಡು ನೀರಿಗೆ ಹೋಯಿತು. ಹಳೆ ಕಾಂಕ್ರೀಟಿನ ಮೇಲೆ ಹೊಸ ಕಾಂಕ್ರೀಟ್ ಸುರಿಯುತ್ತ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗುವಂತಾಗಿದೆ. ಗಟಾರದ ನೀರಿಗೆ ಪಾಯವೇ ದಾರಿ. ಹೊಸ ರಸ್ತೆಗೆ ಜಲ್ಲಿ ಬಂದು ಬಿದ್ದ ದಿನವೇ ಓಣಿಯವರೆಲ್ಲ ಕೂಡಿ ಪುರಸಭೆಗೆ ಅರ್ಜಿ ಕೊಡಿ: ಹಳೆಯದನ್ನು ಅಗೆದು ತೆಗೆದು ಆಮೇಲೆ ಹಾಕಿ, ಗಟಾರವನ್ನು ಪಾಯಕ್ಕಿಂತ ಕೆಳಗೆ ಇಳಿಸಿ. ಅಂದಾಜುಪಟ್ಟಿಯಲ್ಲಿ ಅಗೆಯುವ ಬಾಬ್ತು ಇದೆಯೇ ಎಂದು ಕೇಳಿ ನೋಡಿ. ಕಾಂಕ್ರೀಟ್ ಬಿದ್ದ ಮೇಲೆ ಕೇಳಿ ಉಪಯೋಗವಿಲ್ಲ.