ಚೈನಿನ ಆಯಸ್ಸು ಪಿನ್ನಿನಲ್ಲಿ

ಬೈಕಿಗೆ ಹೊಸ ಚೈನ್ ಸೆಟ್ ಹಾಕಿಸಬೇಕಾಗಿ ಬಂದಾಗ ಸ್ಪೇರ್ಸ್ ಅಂಗಡಿಯಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ, ‘ಯಾವುದು ಗಟ್ಟಿ?’ ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಯಾಗಲಿ, ಅಂಗಡಿಯವರು ದಪ್ಪ ಪ್ಲೇಟಿನ ಚೈನೊಂದನ್ನು ತೆಗೆದು ಕೈಗಿಟ್ಟು ತೂಕ ನೋಡಿ ಎನ್ನುತ್ತಾರೆ. ಗ್ರಾಹಕರಿಗೂ ಸಮಾಧಾನವಾಗುತ್ತದೆ. ಆದರೆ ಚೈನನ್ನು ಗಟ್ಟಿತನದಿಂದ ಅಳೆಯುವುದೇ ತಪ್ಪು ಎಂಬುದು ನನ್ನ ವಾದ. 110 ಸಿಸಿಯ ಒಂದು ಸಾಮಾನ್ಯ ಬೈಕನ್ನು ತೆಗೆದುಕೊಳ್ಳಿ. ಅದರ ಎಂಜಿನ್ ಕೊಡುವ ಟಾರ್ಕ್ ಸುಮಾರು 9 ನ್ಯೂಟನ್ ಮೀಟರ್. ಫಸ್ಟ್ ಗೇರಿನಲ್ಲಿ ಅದು ಹತ್ತು ಹನ್ನೊಂದು ಪಟ್ಟಾಗಿ ಮುಂದಿನ ಸ್ಪ್ರಾಕೆಟ್ಟಿಗೆ ಬರುತ್ತದೆ. ಅಲ್ಲಿ 14 ಹಲ್ಲು, ಅರ್ಧ ಇಂಚಿನ ಪಿಚ್ (ಪಿನ್ನಿನಿಂದ ಪಿನ್ನಿಗಿರುವ ದೂರ) ಇದ್ದರೆ ಸ್ಪ್ರಾಕೆಟ್ಟಿನ ತ್ರಿಜ್ಯ ಸುಮಾರು 28 ಮಿಲಿಮೀಟರ್. ಲೆಕ್ಕ ಹಾಕಿದರೆ ಚೈನಿನ ಮೇಲೆ ಬೀಳುವ ಎಳೆತ 350 ಕೆಜಿಯ ಆಸುಪಾಸು. ಅದೇ ಅಳತೆಯ ಸಾಧಾರಣ ಚೈನು ಒಂದೂವರೆ ಟನ್ನಿಗೂ ಹೆಚ್ಚಿನ ಎಳೆತವನ್ನು ತಡೆದೇ ತುಂಡಾಗುವುದು. ನಾಲ್ಕು ಪಟ್ಟಿಗೂ ಮೀರಿದ ಬಲ ಈಗಾಗಲೇ ಕೈಯಲ್ಲಿದೆ. ಅದರ ಮೇಲೆ ಇನ್ನಷ್ಟು ಗಟ್ಟಿತನಕ್ಕೆ ದುಡ್ಡು ಸುರಿದರೆ ಚೈನು ಒಂದು ಕಿಲೋಮೀಟರೂ ಹೆಚ್ಚು ಬಾಳುವುದಿಲ್ಲ.

ಚೈನು ಕೆಡುವುದು ಸವೆತದಿಂದ. ‘ಚೈನು ಹಿಗ್ಗಿದೆ’ ಎನ್ನುವುದು ರೂಢಿಯ ಮಾತು. ನಿಜಕ್ಕೂ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಒಳಗೆ ಒಂದು ಪಿನ್, ಅದನ್ನು ಸುತ್ತಿದ ಒಂದು ಬುಷ್, ಬುಷ್ಷಿನ ಮೇಲೆ ತಿರುಗುವ ರೋಲರ್ ಇವೆ. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೇಟೆಂಟ್ ಪಡೆದ ಆ ರಚನೆ ಇವತ್ತಿಗೂ ಮೂಲದಲ್ಲಿ ಬದಲಾಗಿಲ್ಲ. ಕೊಂಡಿಯೊಂದು ಸ್ಪ್ರಾಕೆಟ್ಟನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಡಚಿಕೊಳ್ಳುತ್ತದೆ. ಎರಡು ಸ್ಪ್ರಾಕೆಟ್ ಸೇರಿ ಸುತ್ತಿಗೆ ನಾಲ್ಕು ಸಲ. ಹಿಂದೆ 42 ಹಲ್ಲು, ಚೈನಿನಲ್ಲಿ 110 ಕೊಂಡಿ ಎಂದಿಟ್ಟುಕೊಂಡರೆ ಒಂದು ಕಿಲೋಮೀಟರಿಗೆ ಚೈನು ಇನ್ನೂರು ಸುತ್ತು ಬರುತ್ತದೆ. 20,000 ಕಿಲೋಮೀಟರಿನಲ್ಲಿ ಪ್ರತಿ ಪಿನ್ನೂ ತನ್ನ ಬುಷ್ಷಿನೊಳಗೆ ಒಂದೂವರೆ ಕೋಟಿಗೂ ಹೆಚ್ಚು ಸಲ ಹೊರಳುತ್ತದೆ. ಹೀಗೆ ಹೊರಳಿ ಹೊರಳಿ ಒಂದೊಂದು ಕೀಲಿನಲ್ಲಿ 0.2 ಮಿಲಿಮೀಟರ್, ಅಂದರೆ ಎರಡು ಹಾಳೆ ಕಾಗದದಷ್ಟು ಸವೆದರೆ ಸಾಕು, ಇಡೀ ಚೈನು 20 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಒಂದೂವರೆ ಪ್ರತಿಶತದ ಈ ಬೆಳವಣಿಗೆ ಬಂತೆಂದರೆ ಬದಲಿಸುವ ಕಾಲ ಬಂತು. ಹೊಸ ಚೈನಿನ ಆಯ್ಕೆಯಲ್ಲಿ ಕೇಳಬೇಕಾದದ್ದು ಇದನ್ನೇ: ಪಿನ್ನಿಗೂ ಬುಷ್ಷಿಗೂ ನಡುವೆ ಗ್ರೀಸ್ ಎಷ್ಟು ದಿನ ಉಳಿಯುತ್ತದೆ, ದೂಳು ಎಷ್ಟು ದಿನ ಹೊರಗಿರುತ್ತದೆ?

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಓ-ರಿಂಗ್ ಮತ್ತು ಎಕ್ಸ್-ರಿಂಗ್ ಚೈನು. ಒಳಗಿನ ಮತ್ತು ಹೊರಗಿನ ಪ್ಲೇಟುಗಳ ನಡುವೆ ಪಿನ್ನಿನ ಸುತ್ತ ರಬ್ಬರಿನ ಸಣ್ಣ ಉಂಗುರ ಕೂರಿಸಿ, ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಅಲ್ಲೇ ಹಿಡಿದಿಡುತ್ತಾರೆ. ಓ-ರಿಂಗ್ ದುಂಡಗಿನ ಉಂಗುರ. ಎಕ್ಸ್-ರಿಂಗಿಗೆ ನಾಲ್ಕು ತುಟಿಗಳಿದ್ದು ಪ್ಲೇಟಿಗೆ ಅಂಟುವುದು ಅವುಗಳ ಅಂಚು ಮಾತ್ರ, ಹಾಗಾಗಿ ತಿಕ್ಕಾಟ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮಳೆಯಲ್ಲಿ, ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಕೆಂಪು ಕೆಸರಿನಲ್ಲಿ, ಬಯಲುಸೀಮೆಯ ಬೇಸಿಗೆ ದೂಳಿನಲ್ಲಿ ಓಡುವ ಬೈಕಿನ ಚೈನು ತೆರೆದೇ ಇದ್ದರೆ ರಿಂಗ್ ಚೈನನ್ನೇ ಹಾಕಿಸಿ ಎಂದು ಒತ್ತಿ ಹೇಳುತ್ತೇನೆ. ಬೆಲೆ ಹೆಚ್ಚಲ್ಲವೇ ಎಂಬ ಆಕ್ಷೇಪ ಸಹಜ. ಹೌದು, ಸಾದಾ ಚೈನಿಗಿಂತ ಸಾಕಷ್ಟು ಹೆಚ್ಚು. ಆದರೆ ಚೈನಿನ ಬೆಲೆಯನ್ನು ಅದು ಓಡುವ ಕಿಲೋಮೀಟರಿನಿಂದ ಭಾಗಿಸಿ ನೋಡಬೇಕು, ಅದಕ್ಕೆ ಪ್ರತಿ ಸಲದ ಸ್ಪ್ರಾಕೆಟ್ಟಿನ ಬೆಲೆ, ಕೂಲಿ, ಅರ್ಧ ದಿನದ ಕಾಯುವಿಕೆ ಸೇರಿಸಬೇಕು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: 100–125 ಸಿಸಿಯ ಎಷ್ಟೋ ಬೈಕುಗಳಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇರುತ್ತದಲ್ಲ, ಅವಕ್ಕೂ ಬೇಕೇ? ಅವಕ್ಕೆ ಬೇಡ. ಅಲ್ಲಿ ಕವರೇ ಉಂಗುರದ ಕೆಲಸ ಮಾಡುತ್ತದೆ. ರಿಂಗ್ ಚೈನಿನ ಅಗಲವೂ ತುಸು ಹೆಚ್ಚಾದ್ದರಿಂದ ಕವರಿಗೆ ತಾಗುವ ಭಯವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾಗಳ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೇ ಓಡುತ್ತಿತ್ತು. ಅಂದಕ್ಕೆಂದು ಕವರ್ ಬಿಚ್ಚಿಸಿ ಅದೇ ಸಾದಾ ಚೈನಿನಲ್ಲಿ ಓಡಾಡುವುದು ಚೈನಿಗೆ ಮಾಡುವ ದೊಡ್ಡ ಅನ್ಯಾಯ. ಕವರ್ ಇಟ್ಟುಕೊಳ್ಳಿ, ಇಲ್ಲವೇ ರಿಂಗ್ ಚೈನ್ ಹಾಕಿಸಿ.

ಇನ್ನು ಸ್ಪ್ರಾಕೆಟ್. ‘ಚೈನ್ ಒಂದನ್ನೇ ಹಾಕಿ, ಹಿಂದಿನ ಹಲ್ಲು ಚೆನ್ನಾಗೇ ಇದೆ’ ಎಂಬ ಬೇಡಿಕೆ ಗ್ಯಾರೇಜುಗಳಲ್ಲಿ ದಿನಾ ಕೇಳುತ್ತದೆ. ಹಣ ಉಳಿಸುವ ಆಸೆಯಲ್ಲಿ ತಪ್ಪೇನಿಲ್ಲ, ಆದರೆ ಇಲ್ಲಿ ಉಳಿಯುವುದಿಲ್ಲ. ಹಳೆಯ ಚೈನಿನ ಪಿಚ್ ಬೆಳೆದಂತೆಲ್ಲ ರೋಲರು ಹಲ್ಲಿನ ಬುಡ ಬಿಟ್ಟು ಮೇಲಕ್ಕೆ ಹತ್ತಿ ಕೂರುತ್ತದೆ. ಹಲ್ಲು ಆ ಬೆಳೆದ ಅಳತೆಗೇ ತಕ್ಕಂತೆ ಸವೆದು, ಒಂದು ಮಗ್ಗುಲಿಗೆ ಕೊಕ್ಕೆಯಾಗುತ್ತದೆ. ಅದರ ಮೇಲೆ ಹೊಸ ಚೈನು ಕೂರಿಸಿದರೆ ಹೊಸ ಪಿಚ್ಚಿಗೂ ಹಳೆಯ ಹಲ್ಲಿಗೂ ಹೊಂದಿಕೆಯಿಲ್ಲ. ಹತ್ತು ಹದಿನೈದು ಹಲ್ಲು ಹಂಚಿಕೊಳ್ಳಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬಿದ್ದು ಹೊಸ ಚೈನು ಬೇಗನೆ ಹಳತಾಗುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವುದು ಸಾಮಾನ್ಯವಾಗಿ ಹಿಂದಿನ ಸ್ಪ್ರಾಕೆಟ್ ಮಾತ್ರ. ಮುಂದಿನದು ಅದರ ಮೂರು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ಪ್ರತಿ ಹಲ್ಲೂ ಮೂರು ಪಟ್ಟು ದುಡಿದಿರುತ್ತದೆ, ಅದು ಕವರಿನ ಹಿಂದೆ ಅಡಗಿರುವುದರಿಂದ ಯಾರೂ ನೋಡಿರುವುದಿಲ್ಲ. ಇದಕ್ಕಿಂತ ಕೆಟ್ಟ ಅಭ್ಯಾಸ ಕೊಂಡಿ ಕತ್ತರಿಸುವುದು. ಅಡ್ಜಸ್ಟರು ಕೊನೆ ಮುಟ್ಟಿತು ಎಂದು ಒಂದು ಜೊತೆ ಕೊಂಡಿ ತೆಗೆಸಿ ಮತ್ತೆ ಟೈಟ್ ಮಾಡಿಸುತ್ತಾರೆ. ಚೈನಿನ ಉದ್ದ ಕಡಿಮೆಯಾಗುತ್ತದೆ ನಿಜ. ಆದರೆ ಉಳಿದ ಪ್ರತಿ ಕೊಂಡಿಯ ಪಿಚ್ಚೂ ಬೆಳೆದಂತೆಯೇ ಇದೆ, ಸ್ಪ್ರಾಕೆಟ್ ಕೊರೆಯುವ ಕೆಲಸ ಅದರ ಪಾಡಿಗೆ ನಡೆದೇ ಇದೆ. ಹಳೆಯ ಎಂಜಿನ್ ಆಯಿಲ್ ಸುರಿಯುವುದೂ ಇದೇ ಸಾಲಿಗೆ ಸೇರಿದ್ದು. ಎಂಜಿನ್ನಿನಿಂದ ಬಂದ ಲೋಹದ ಪುಡಿಯನ್ನೇ ಕೀಲಿಗೆ ಉಣಿಸಿದಂತೆ. 90 ನಂಬರಿನ ಗೇರ್ ಆಯಿಲ್ ಸಿಗುವಾಗ ಅದರ ಅಗತ್ಯವೇನು?

ಹಲ್ಲಿನ ಎಣಿಕೆಯ ವಿಚಾರ ನನಗೆ ತುಂಬ ಪ್ರಿಯವಾದದ್ದು, ಸ್ವಲ್ಪ ನಿಂತು ನೋಡೋಣ. 112 ಕೊಂಡಿಯ ಚೈನು 14 ಹಲ್ಲಿನ ಸ್ಪ್ರಾಕೆಟ್ಟಿನ ಮೇಲೆ ಓಡುತ್ತಿದೆ ಎನ್ನಿ. 112 ಅನ್ನು 14 ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾಗಿ ಒಂದು ಹಲ್ಲು ಇಡೀ ಜೀವಮಾನದಲ್ಲಿ ಭೇಟಿಯಾಗುವುದು ಅದೇ ಎಂಟು ಕೊಂಡಿಗಳನ್ನು. ಒಂದು ಕೊಂಡಿಯಲ್ಲಿ ಸಣ್ಣ ಊನವಿದ್ದರೆ ಅದರ ಪೆಟ್ಟು ಪ್ರತಿ ಸುತ್ತಿನಲ್ಲೂ ಅದೇ ಹಲ್ಲಿಗೆ. 15 ಹಲ್ಲಿಟ್ಟರೆ ಪ್ರತಿ ಹಲ್ಲೂ ಸರದಿಯಲ್ಲಿ 112 ಕೊಂಡಿಗಳನ್ನೂ ಮುಟ್ಟುತ್ತದೆ, ಸವೆತ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಕೊಂಡಿ ಮಡಚುವ ಕೋನವೂ ಸುಮಾರು 26 ಡಿಗ್ರಿಯಿಂದ 24ಕ್ಕೆ ಇಳಿಯುತ್ತದೆ. ಹಾಗಾದರೆ ಎಲ್ಲರೂ ಒಂದು ಹಲ್ಲು ಹೆಚ್ಚು ಹಾಕಿಸಬಾರದೇಕೆ? ಮುಂದೆ ಒಂದು ಹಲ್ಲು ಹೆಚ್ಚಾದರೆ ಗೇರಿಂಗ್ ಏಳು ಪ್ರತಿಶತ ಎತ್ತರವಾಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗಿ ಓಡುತ್ತದೆ ನಿಜ, ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆಯ ತಿರುವು ಹತ್ತುವಾಗ ಅದೇ ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ಚಿಗೆ ಕೆಲಸ ಹೆಚ್ಚುತ್ತದೆ. ಚೈನು ಉಳಿಸಹೋಗಿ ಕ್ಲಚ್ ಪ್ಲೇಟ್ ಸವೆಸಿದರೆ ಲೆಕ್ಕ ತಾಳೆಯಾಗದು. ಬೈಕಿನ ತೂಕ, ಎಂಜಿನ್ನಿನ ಶಕ್ತಿ ತೂಗಿ ನೋಡಿ ಕಂಪನಿ ಇಟ್ಟ ಎಣಿಕೆಯನ್ನೇ ಉಳಿಸಿಕೊಳ್ಳುವುದು ನನ್ನ ಆಯ್ಕೆ. ಪಿಚ್ ವಿಷಯದಲ್ಲಂತೂ ಆಯ್ಕೆಯೇ ಇಲ್ಲ: 428 ನಂಬರಿನ ಚೈನಿನ ಮೊದಲ ಅಂಕಿ ಇಂಚಿನ ಎಂಟನೇ ನಾಲ್ಕು ಭಾಗ, 520ರದ್ದು ಎಂಟನೇ ಐದು ಭಾಗ, ಒಂದರ ಸ್ಪ್ರಾಕೆಟ್ ಮೇಲೆ ಇನ್ನೊಂದು ಕೂರದು.

ಕಂಪನಿ ಯಾವುದು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಕೊಯಮತ್ತೂರಿನ ಎಲ್‌ಜಿಬಿಯ ರೋಲಾನ್, ಚೆನ್ನೈನ ಟಿಐ ಡೈಮಂಡ್, ಜಪಾನಿನ ಡಿಐಡಿ, ಇವೆಲ್ಲ ದಶಕಗಳಿಂದ ಇದೇ ಕೆಲಸದಲ್ಲಿರುವ ಹೆಸರುಗಳು. ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ದೊಡ್ಡದು. ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಟ್ಟು ಪ್ಲೇಟಿನ ಮೇಲೆ ಒತ್ತಿದ ಗುರುತನ್ನು ನೋಡಿ. ಅದು ಸ್ಪಷ್ಟವಾಗಿ, ಕೊಂಡಿಯಿಂದ ಕೊಂಡಿಗೆ ಒಂದೇ ಥರ ಇರಬೇಕು. ಸೆಟ್ ಬದಲಿಸುವಾಗಲೇ ಹಿಂದಿನ ಚಕ್ರದ ಕಪ್ಲಿಂಗ್ ರಬ್ಬರನ್ನೂ ತೆಗೆದು ನೋಡಿಸಿ. ಅದು ಸಡಿಲವಾಗಿದ್ದರೆ ಥ್ರಾಟಲ್ಲಿನ ಪ್ರತಿ ಜರ್ಕೂ ನೇರ ಚೈನಿಗೆ ಬಡಿಯುತ್ತದೆ.

ಹಳೆಯ ಚೈನಿನ ಗತಿ ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ಕಟ್ಟಕಡೆಯ ತುದಿಯಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಬಯಲಾದರೆ ಅದರ ಕೆಲಸ ಮುಗಿದಿದೆ. ಇನ್ನೂ ಖಚಿತ ಬೇಕೆಂದರೆ ಚೈನನ್ನು ಬಿಗಿಯಾಗಿ ಹಿಡಿದು ಸ್ಕೇಲಿನಲ್ಲಿ 20 ಕೊಂಡಿ ಅಳೆಯಿರಿ. 428 ಚೈನಿಗೆ ಹೊಸದರಲ್ಲಿ 254 ಮಿಲಿಮೀಟರ್. 258 ತಲುಪಿದ್ದರೆ ಬದಲಿಸಿ. ಚಕ್ರ ತಿರುಗಿಸಿ ನಾಲ್ಕೈದು ಕಡೆ ಅಳೆಯಬೇಕು, ಏಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೊಸದನ್ನು ಹಾಕಿದ ಮೇಲೆ ಲಾಕಿನ ಕ್ಲಿಪ್ಪನ್ನು ನೀವೇ ಬಗ್ಗಿ ನೋಡಿ: ಅದರ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ. ಮೊದಲ 500 ಕಿಲೋಮೀಟರಿನಲ್ಲಿ ಹೊಸ ಚೈನು ಕೂರುತ್ತಾ ಸ್ವಲ್ಪ ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಗ್ಯಾರೇಜಿಗೆ ಹೋಗಿ ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲ ಬಿಟ್ಟು ಸರಿಮಾಡಿಸಿಕೊಳ್ಳಿ.