ಕಾದಂಬರಿಯ ಹಸಿವು, ಓದುಗರ ಪಂಕ್ತಿಭೇದ

ಕನ್ನಡ ಕಾದಂಬರಿಗೆ ಈಗ ಓದುಗರಿಲ್ಲ ಎಂಬ ಮಾತು ಸಭೆಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ. ಕೋಲಾರದ ಕಡೆಯ ಅನುಭವ ಇದಕ್ಕೆ ಹೊಂದುವುದಿಲ್ಲ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿಕೊಂಡು, ಶಾಲೆಯಲ್ಲಿ ಕನ್ನಡ ಕಲಿತ ಹುಡುಗ ಹುಡುಗಿಯರು ವಸುಧೇಂದ್ರರ ‘ತೇಜೋ ತುಂಗಭದ್ರಾ’ವನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದಾರೆ. ಮಾಲೂರಿನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರ ಚೀಲದಲ್ಲಿ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಇಣುಕುವುದನ್ನು ಕಂಡಿದ್ದೇನೆ. ಹಸಿವೇನೋ ಚೆನ್ನಾಗಿಯೇ ಇದೆ. ನನ್ನ ತಕರಾರು ಇರುವುದು ಪಂಕ್ತಿಯ ವಿಷಯದಲ್ಲಿ. ಅದಕ್ಕೆ ಬರುವ ಮುನ್ನ ಈ ಎರಡು ಪುಸ್ತಕಗಳ ಬಗ್ಗೆ ಎರಡು ಮಾತು.

2019ರಲ್ಲಿ ಹೊರಬಂದ ‘ತೇಜೋ ತುಂಗಭದ್ರಾ’ ಲಿಸ್ಬನ್ನಿನ ನದಿಯಿಂದ ವಿಜಯನಗರದ ನದಿಯವರೆಗೆ ಹರಿಯುವ ದೊಡ್ಡ ಕಥೆ. ಬೆಲ್ಲಾಳನ್ನು ಮದುವೆಯಾಗುವಷ್ಟು ಹಣ ಗಳಿಸಲು ಹಡಗು ಹತ್ತುವ ಗೇಬ್ರಿಯಲ್, ತುಂಗಭದ್ರೆಯ ದಡದ ಹಂಪಮ್ಮ ಮತ್ತು ಕೇಶವ, ಇವರಾರೂ ಅರಸರಲ್ಲ. ಮೆಣಸಿನ ವ್ಯಾಪಾರ, ಮತದ ಹಟ, ಅರಸರ ಆಸೆ ಇವುಗಳ ಪ್ರವಾಹದಲ್ಲಿ ಕೊಚ್ಚಿಹೋಗುವ ಸಾಮಾನ್ಯರು. ಇತಿಹಾಸದ ಕಾದಂಬರಿಯೆಂದರೆ ಕಿರೀಟ, ಕತ್ತಿ ಎಂದುಕೊಂಡಿದ್ದ ನಮ್ಮ ಹುಡುಗರಿಗೆ ಇದು ಹೊಸ ರುಚಿ. ಆದರೆ ಒಮ್ಮೊಮ್ಮೆ ಸಂಗತಿಗಳ ಮೂಟೆ ಪಾತ್ರಗಳ ಹೆಗಲೇರುತ್ತದೆ. ಹಡಗಿನ ವಿವರ, ಆಚಾರದ ವಿವರ ಮುಗಿಯುವ ತನಕ ಅವರು ಉಸಿರು ಬಿಗಿಹಿಡಿದು ನಿಂತಂತೆ ಕಾಣುತ್ತಾರೆ. ಈ ವಿಷಯದಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರೇ ಗಟ್ಟಿಗರು. ಮನೆಮಾತು ತಮಿಳಾಗಿದ್ದ ಅವರು ಕೊಡಗಿನ ಕೊನೆಯ ಅರಸನನ್ನು ಕುರಿತು 1956ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ವನ್ನು ಮತ್ತೆ ತೆರೆದು ನೋಡಿ. ದೊರೆ ಕುಡುಕ, ಕ್ರೂರಿ. ಅದನ್ನು ಎಲ್ಲಿಯೂ ಮುಚ್ಚಿಲ್ಲ. ಆದರೂ 1834ರಲ್ಲಿ ರಾಜ್ಯ ಇಂಗ್ಲಿಷರ ಪಾಲಾಗುವ ಹೊತ್ತಿಗೆ ಅವನಿಗಾಗಿ ಮನಸ್ಸು ನೋಯುತ್ತದೆ. ರಾಣಿ ಗೌರಮ್ಮಾಜಿಯ ಎರಡು ಮಾತು ಅರಮನೆಯ ವರ್ಣನೆ ಮಾಡದ ಕೆಲಸವನ್ನು ಮಾಡಿಬಿಡುತ್ತದೆ.

‘ಸಕೀನಾಳ ಮುತ್ತು’ 2021ರದು, ಗಾತ್ರದಲ್ಲಿ ಸಣ್ಣದು. ಕಥೆ ಹೇಳುವವನು ಒಬ್ಬ ಗೃಹಸ್ಥ. ಹೆಂಡತಿ, ಕಾಲೇಜಿನ ವಯಸ್ಸಿನ ಮಗಳು. ಅವನ ಪ್ರತಿಯೊಂದು ಮಾತೂ ಸಮಂಜಸವಾಗಿಯೇ ಇರುತ್ತದೆ, ಅದಕ್ಕೇ ಅನುಮಾನ ಬರುತ್ತದೆ. ತಾನು ಉದಾರಿ ಎಂದು ನಂಬಿಕೊಂಡ ಗಂಡಸು ಮನೆಯ ಹೆಂಗಸರನ್ನು ಎಷ್ಟು ನಯವಾಗಿ ಹಿಡಿತದಲ್ಲಿಟ್ಟುಕೊಂಡಿದ್ದಾನೆಂಬುದು ಅವನ ಬಾಯಿಂದಲೇ, ಅವನಿಗೇ ತಿಳಿಯದಂತೆ ಹೊರಬೀಳುತ್ತದೆ. ಪತ್ರಿಕೆ ಓದುವ ನಮ್ಮಂಥವರ ಮನೆಯ ಕಥೆಯೇ ಇದು. ಓದಿ ಮುಗಿಸಿದ ಮೇಲೆ ಮನೆಯವರ ಮುಖ ನೋಡಲು ಸ್ವಲ್ಪ ಸಂಕೋಚವಾಗುತ್ತದೆ.

ಇನ್ನು ಪಂಕ್ತಿಯ ಮಾತು. ಭೈರಪ್ಪನವರನ್ನು ಓದುವವರು ದೇವನೂರ ಮಹಾದೇವರನ್ನು ಮುಟ್ಟುವುದಿಲ್ಲ. ದೇವನೂರರನ್ನು ಮೆಚ್ಚುವವರ ಕಪಾಟಿನಲ್ಲಿ ಭೈರಪ್ಪನವರಿಗೆ ಜಾಗವಿಲ್ಲ. 2007ರಲ್ಲಿ ‘ಆವರಣ’ ಎಬ್ಬಿಸಿದ ಜಗಳ ಈ ಬಿರುಕನ್ನು ಅಗಲ ಮಾಡಿತು. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಹೊಗಳಿದವರಲ್ಲಿಯೂ ಮೌನವಾಗಿದ್ದವರಲ್ಲಿಯೂ ಪುಸ್ತಕ ತೆರೆಯದವರು ಎಷ್ಟೋ ಮಂದಿ ನನಗೆ ಸಿಕ್ಕಿದರು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬಾದಾಮಿಯನ್ನು ಮೆಚ್ಚಿದವನು ರಸಪುರಿಯನ್ನು ಮುಟ್ಟೆನೆಂದು ಶಪಥ ಮಾಡಿದ್ದನ್ನು ನಾನಂತೂ ಕೇಳಿಲ್ಲ.

‘ಗೃಹಭಂಗ’ (1970) ಮತ್ತು ‘ಕುಸುಮಬಾಲೆ’ (1984) ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ಹೀಗೆ ಆಣೆ ಹಾಕಲಾರರು. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಹೊರುವ ನಂಜಮ್ಮ, ಒಬ್ಬರ ಮೇಲೊಬ್ಬರಂತೆ ಮಕ್ಕಳನ್ನು ಪ್ಲೇಗಿಗೆ ಒಪ್ಪಿಸುತ್ತಾಳೆ. ಆ ಮನೆಗೆ ಆಸರೆಯಾಗುವವರು ಬಂಧುಗಳಲ್ಲ, ಅನ್ಯಜಾತಿಯ ಮಾದೇವಯ್ಯನವರು. ಬ್ರಾಹ್ಮಣ ಕುಟುಂಬದ ಒಳಗಿನ ಕ್ರೌರ್ಯವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದವರು ಕಡಿಮೆ. ‘ಕುಸುಮಬಾಲೆ’ಯಲ್ಲಿ ಮೇಲುಜಾತಿಯ ಹೆಣ್ಣನ್ನು ಕೂಡಿದ ಚೆನ್ನ ಕೊಲೆಯಾಗುತ್ತಾನೆ, ರಾತ್ರಿ ಮನೆಮನೆಯ ದೀಪದ ಜೋತಮ್ಮಂದಿರು ಸೇರಿ ಊರಿನ ಸುಖದುಃಖ ಆಡಿಕೊಳ್ಳುತ್ತಾರೆ. ಅಲ್ಲಿ ಲೆಕ್ಕದ ಪುಸ್ತಕದಷ್ಟು ಬಿಗಿಯಾದ ಗದ್ಯ, ಇಲ್ಲಿ ಹಾಡಿನಂತೆ ಬಳುಕುವ ಮಾತು. ಊರು ಮನುಷ್ಯನನ್ನು ಹೇಗೆ ನುಂಗುತ್ತದೆಂಬ ಸಂಕಟ ಮಾತ್ರ ಎರಡರಲ್ಲಿಯೂ ಇದೆ. ಇವೆರಡರಲ್ಲಿ ನನ್ನ ಮನಸ್ಸು ‘ಕುಸುಮಬಾಲೆ’ಯ ಕಡೆಗೇ ವಾಲುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದ್ದರಿಂದ ಮುಂದಿನ ಕೆಲವು ತಿಂಗಳಿಗೆ ನಾವು ನಾಲ್ಕೈದು ಮಂದಿ ಒಂದು ಓದಿನ ಕ್ರಮ ಹಾಕಿಕೊಂಡಿದ್ದೇವೆ. ಡಿ.ವಿ.ಜಿ.ಯವರ ಊರಾದ ಮುಳಬಾಗಿಲಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಭಾನುವಾರಗಳಂದು ಮೊದಲು ‘ಗೃಹಭಂಗ’. ಅನಂತರ ‘ಕುಸುಮಬಾಲೆ’, ನಂಜನಗೂಡು ಸೀಮೆಯ ಆ ನುಡಿ ತೆಲುಗು ಬೆರೆತ ನಮ್ಮ ಕಿವಿಗೆ ತೊಡಕಾದ್ದರಿಂದ ಅದನ್ನು ಗಟ್ಟಿಯಾಗಿಯೇ ಓದಬೇಕು. ಆಮೇಲೆ ‘ಚಿಕವೀರ ರಾಜೇಂದ್ರ’, ಅದರ ಬೆನ್ನಿಗೆ ‘ತೇಜೋ ತುಂಗಭದ್ರಾ’. ‘ಪರ್ವ’ವನ್ನು ಬೇಸಿಗೆ ರಜಕ್ಕೆ ಎತ್ತಿಟ್ಟಿದ್ದೇವೆ, ನಡುವೆ ಯಾರಿಗಾದರೂ ದಣಿವಾದರೆ ತೇಜಸ್ವಿಯವರ ‘ಕರ್ವಾಲೊ’ ಇದ್ದೇ ಇದೆ. ‘ಕುಸುಮಬಾಲೆ’ ನಮ್ಮಲ್ಲಿ ಎರಡೇ ಪ್ರತಿ ಇರುವುದು. ಬರುವವರು ತಮ್ಮದೊಂದು ತಂದರೆ ಅನುಕೂಲ.