ಅಡಿಗೆಯ ಮನೆಯಲ್ಲಿ ದೇವಸನ್ನಿಧಿ: ಒಂದು ವಿಮರ್ಶೆ

ಕ್ರೈಸ್ತ ಭಕ್ತಿಗ್ರಂಥಗಳಲ್ಲಿ ಗಾತ್ರದಿಂದ ಅತ್ಯಲ್ಪವೂ ಪ್ರಚಾರದಿಂದ ಅತಿವಿಸ್ತಾರವೂ ಆದುದೊಂದುಂಟು. ಮೂಲವು ಫ್ರೆಂಚ್ ಭಾಷೆಯದು. ಇಂಗ್ಲಿಷಿನ ಮೂಲಕ ನಮ್ಮ ವಿದ್ಯಾವಂತರ ಮನೆಗಳಿಗೂ ಬಂದಿದೆ. ‘ದೇವಸನ್ನಿಧಿಯ ಅಭ್ಯಾಸ’ವೆಂದು ಅದರ ಹೆಸರನ್ನು ಕನ್ನಡಿಸಬಹುದು. ಇದರ ಮಾತು ಬಂದಾಗ ನಮ್ಮವರಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುವುವು. ‘ಇದೆಲ್ಲ ನಮ್ಮ ಗೀತೆಯಲ್ಲಿಯೇ ಇದೆ’ ಎಂದು ಕೆಲವರು ಪುಸ್ತಕವನ್ನು ಮುಚ್ಚುವರು. ‘ಪರಮತದ ಗ್ರಂಥವು ನಮಗೇತಕ್ಕೆ?’ ಎಂದು ಕೆಲವರು ಅದನ್ನು ತೆರೆಯುವುದೇ ಇಲ್ಲ. ಮೊದಲನೆಯ ಮಾತು ಔದಾರ್ಯದಂತೆ ತೋರಿದರೂ ಎರಡರ ಫಲವೂ ಒಂದೇ: ಗ್ರಂಥವು ಓದಿಸಿಕೊಳ್ಳದೆ ಉಳಿಯುವುದು. ಅದರಲ್ಲಿರುವುದೇನು, ಇಲ್ಲದಿರುವುದೇನು ಎಂಬುದನ್ನು ತೂಗಿನೋಡುವುದೇ ಈ ಲೇಖನದ ಉದ್ದೇಶ.

ಗ್ರಂಥದ ನಾಯಕನು ಪಂಡಿತನಲ್ಲ, ಪೀಠಾಧಿಪತಿಯಲ್ಲ, ಮಠವೊಂದರ ಅಡಿಗೆಯವನು. ಈಗ ಫ್ರಾನ್ಸಿಗೆ ಸೇರಿರುವ ಲೊರೇನ್ ಸೀಮೆಯಲ್ಲಿ ೧೬೧೪ರ ಸುಮಾರಿಗೆ ಹುಟ್ಟಿದ ನಿಕೊಲಾ ಹೆರ್ಮಾನನು ತಾರುಣ್ಯದಲ್ಲಿ ಸೈನಿಕನಾಗಿ, ಗಾಯಗೊಂಡು ಕುಂಟನಾದನು. ಅನಂತರ ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿದ್ದನು. ಮುಟ್ಟಿದುದನ್ನೆಲ್ಲ ಒಡೆಯುವ ಒಡ್ಡನು ತಾನೆಂದು ಅವನೇ ಹೇಳಿಕೊಂಡಿರುವನು. ೧೮ನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಮರವೊಂದನ್ನು ಕಂಡು, ಇದು ಕೆಲವೇ ದಿನಗಳಲ್ಲಿ ಮತ್ತೆ ಚಿಗುರಿ ಫಲಿಸುವುದಲ್ಲವೆ ಎಂದು ಯೋಚಿಸಿದುದೇ ಅವನಿಗಾದ ದೀಕ್ಷೆ. ೧೬೪೦ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಸಭೆಯ ಮಠವನ್ನು ಸೇರಿ ‘ಸಹೋದರ ಲಾರೆನ್ಸ’ನೆಂಬ ಹೆಸರನ್ನು ಪಡೆದನು. ಬಹುವರ್ಷ ಒಲೆಯ ಮುಂದೆ ದುಡಿದು, ಬಳಿಕ ಮಠದವರ ಪಾದರಕ್ಷೆಗಳನ್ನು ಸರಿಪಡಿಸುತ್ತ, ೧೬೯೧ರಲ್ಲಿ ದೇಹವನ್ನು ಬಿಟ್ಟನು.

ಪರಮತವೆಂದು ಹಿಂಜರಿಯುವವರಿಗೆ ಒಂದು ಮಾತು. ನಮ್ಮ ಜೋಯಿಡಾ ಸೀಮೆಯ ಪಶ್ಚಿಮಕ್ಕೆ ಗೋವೆಯಿದೆ. ಲಾರೆನ್ಸನು ಹುಟ್ಟಿದ ಕಾಲದಲ್ಲಿಯೇ, ೧೬೧೬ರಲ್ಲಿ, ಅಲ್ಲಿಯ ರಾಚೋಲಿನಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿಯ ‘ಕ್ರಿಸ್ತಪುರಾಣ’ವು ಮುದ್ರಣವಾಯಿತು. ಮರಾಠಿಯ ಓವಿಗಳಲ್ಲಿ ರಚಿತವಾದ ಆ ಗ್ರಂಥವನ್ನು ೧೯೦೭ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚುಹಾಕಿದರು. ಕ್ರೈಸ್ತ ಭಕ್ತಿಯು ನಮ್ಮ ನೆರೆಹೊರೆಯಲ್ಲಿ ನಮ್ಮದೇ ಪುರಾಣಶ್ರವಣದ ಉಡುಗೆಯನ್ನು ತೊಟ್ಟು ನಾಲ್ಕು ಶತಮಾನಗಳಾಗಿರುವಾಗ, ಅದನ್ನು ಅಪರಿಚಿತವೆನ್ನುವುದು ಹೇಗೆ? ಆದರೆ ಸ್ಟೀಫನ್ಸನದು ಶ್ರವಣದ ಮಾರ್ಗ. ಲಾರೆನ್ಸನದು ಬರಿಯ ಸ್ಮರಣದ ಮಾರ್ಗ.

ಲಾರೆನ್ಸನು ತಾನಾಗಿ ಗ್ರಂಥವನ್ನು ಬರೆದವನಲ್ಲ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು ೧೬೬೬ರಿಂದ ಮೊದಲಾಗಿ ಅವನೊಡನೆ ನಡೆಸಿದ ನಾಲ್ಕು ಸಂಭಾಷಣೆಗಳನ್ನು ಗುರುತುಮಾಡಿಕೊಂಡು, ಅವನ ಕೆಲವು ಪತ್ರಗಳನ್ನೂ ಕೂಡಿಸಿ, ೧೬೯೨ ಮತ್ತು ೧೬೯೪ರಲ್ಲಿ ಪ್ರಕಟಿಸಿದನು. ಆದುದರಿಂದ ಇದರಲ್ಲಿ ಶಾಸ್ತ್ರಕ್ರಮವನ್ನು ಹುಡುಕಬಾರದು. ಒಂದೇ ಮಾತು ಮರಳಿಮರಳಿ ಬರುವುದು. ಲಾಕ್ಷಣಿಕರು ಪುನರುಕ್ತಿಯನ್ನು ದೋಷಗಳಲ್ಲಿ ಎಣಿಸಿರುವರು. ಆದರೆ ಮರಳಿಮರಳಿ ಮಾಡಬೇಕಾದುದನ್ನು ಬೋಧಿಸುವ ಗ್ರಂಥದಲ್ಲಿ ಅದು ವಸ್ತುವಿಗೆ ತಕ್ಕ ಶೈಲಿಯೇ ಆಗಿದೆ. ಉಪಮೆಗಳು ವಿರಳ, ಭಾವಾವೇಶವಂತೂ ಇಲ್ಲವೇ ಇಲ್ಲ. ಆ ಬಡತನವೇ ಇದರ ಸೊಬಗು.

ಬೋಧೆಯ ಸಾರವಿಷ್ಟು. ಪ್ರಾರ್ಥನೆಯ ವೇಳೆಯೆಂದೂ ಕೆಲಸದ ವೇಳೆಯೆಂದೂ ಭೇದವಿರಬೇಕಾದುದಿಲ್ಲ. ಪಾತ್ರೆಗಳ ಸದ್ದಿನಲ್ಲಿ, ನಾಲ್ಕಾರು ಜನರು ಒಟ್ಟಿಗೆ ಕೂಗುತ್ತಿರುವಾಗಲೂ, ದೇವರು ಬಳಿಯಲ್ಲಿರುವನೆಂಬ ಅರಿವನ್ನು ಉಳಿಸಿಕೊಳ್ಳಬಹುದು. ಕಾವಲಿಯ ಮೇಲಿನ ತತ್ತಿಯ ದೋಸೆಯನ್ನು ಮಗುಚುವುದೂ ನೆಲದ ಮೇಲಿನ ಕಡ್ಡಿಯನ್ನೆತ್ತುವುದೂ ಅವನ ಪ್ರೀತಿಗಾಗಿ ನಡೆಯಬಹುದು. ಇದಕ್ಕೆ ಆಸನವಿಲ್ಲ, ಪ್ರಾಣಾಯಾಮವಿಲ್ಲ, ಸೋಪಾನಕ್ರಮವಿಲ್ಲ. ಮನಸ್ಸು ಜಾರಿದಾಗ ಅದನ್ನು ಮೆಲ್ಲನೆ ಮರಳಿ ತರುವುದೊಂದೇ. ಪತಂಜಲಿಯು ಯಾವುದನ್ನು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಸಬೇಕೆಂದು ವಿಧಿಸಿದನೋ ಆ ಅಭ್ಯಾಸವೇ ಇದು. ಮೊದಲ ಹತ್ತು ವರ್ಷ ತಾನು ಬಹಳ ಸಂಕಟಪಟ್ಟೆನೆಂದು ಲಾರೆನ್ಸನೇ ಹೇಳಿರುವುದನ್ನು, ಇದು ಸುಲಭೋಪಾಯವೆಂದು ಕೊಂಡಾಡುವವರು ಮರೆಯಬಾರದು.

ಇಲ್ಲಿಯವರೆಗೆ ‘ನಮ್ಮಲ್ಲಿಯೇ ಇದೆ’ ಎಂಬವರ ಮಾತು ಸರಿಯೆಂದು ತೋರಬಹುದು. ಮುಂದೆ ಭೇದವು ಕಾಣುವುದು. ನಾರದಮಹರ್ಷಿಯು ಭಕ್ತಿಲಕ್ಷಣವನ್ನು ಹೇಳುವಾಗ ಸಕಲಾಚಾರಗಳ ಅರ್ಪಣೆಯನ್ನೂ, ವಿಸ್ಮರಣವಾದಾಗ ಪರಮವ್ಯಾಕುಲತೆಯನ್ನೂ ಒಟ್ಟಿಗೆ ಹೇಳಿರುವನು. ಲಾರೆನ್ಸನು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಿಡುವನು. ಮರೆತೆನೆಂದು ತಿಳಿದೊಡನೆ ತಪ್ಪನ್ನು ದೇವರಲ್ಲಿ ಒಪ್ಪಿಕೊಂಡು, ಕೊರಗದೆ, ಕೈಯಲ್ಲಿದ್ದ ಕೆಲಸಕ್ಕೆ ಹಿಂದಿರುಗುವನು. ನಾರದನದು ವಿರಹಿಣಿಯ ಭಕ್ತಿ. ಇವನದು ಮನೆಯಾಳಿನ ಭಕ್ತಿ. ಒಲೆಯ ಮೇಲೆ ಎಸರು ಕುದಿಯುತ್ತಿರುವಾಗ ವ್ಯಾಕುಲತೆಗೆ ಎಡೆಯೆಲ್ಲಿ? ದಿನಕ್ಕೆ ನೂರು ಬಾರಿ ಮರೆಯುವ ಸಂಸಾರಿಗಳಾದ ನಮಗೆ ಈ ಸಮಾಧಾನವು ಅಮೂಲ್ಯವಾದುದು. ಇದನ್ನು ಗೀತೆಯಲ್ಲಿದೆಯೆಂದು ಹೇಳಿ ದಾಟುವುದು ನ್ಯಾಯವಲ್ಲ.

ಇನ್ನು ಕನ್ನಡದೊಡನೆ ಹೋಲಿಸೋಣ. ನಮ್ಮೂರು ಕುಂಬಾರವಾಡ, ಹೆಸರೇ ಕುಂಬಾರ ಗುಂಡಯ್ಯನನ್ನು ನೆನಪಿಗೆ ತರುವುದು. ಹರಿಹರನ ರಗಳೆಯಲ್ಲಿ ಗುಂಡಯ್ಯನು ಮಡಕೆಗಳನ್ನು ಮಾಡಿ ಬಡಿಯುವ ನಾದಕ್ಕೆ ಶಿವನು ಮೈಮರೆತು ಕುಣಿಯುವನು. ಕವಿಯು ಅಷ್ಟಕ್ಕೆ ನಿಲ್ಲದೆ ಗುಂಡಯ್ಯನ ಒಡಲನ್ನೇ ಕುಂಬಾರಿಕೆಯ ಸಾಧನವನ್ನಾಗಿ ರೂಪಿಸಿ, ನಾಭಿಯನ್ನು ಚಕ್ರವೆಂದೂ ಬೆನ್ನೆಲುಬನ್ನು ತಿರುಗಿಸುವ ಬಿದಿರೆಂದೂ ಬಣ್ಣಿಸಿರುವನು. ಕಾವ್ಯದೃಷ್ಟಿಯಿಂದ ಲಾರೆನ್ಸನ ಪುಸ್ತಕದಲ್ಲಿ ಇದಕ್ಕೆ ಸಮನಾದುದಿಲ್ಲ. ಆದರೆ ಗುಂಡಯ್ಯನಿಗೆ ಕುಂಬಾರಿಕೆಯು ಪ್ರಿಯವಾದ ಕೆಲಸ. ಲಾರೆನ್ಸನಿಗೆ ಅಡಿಗೆಯು ಸ್ವಭಾವತಃ ಬೇಸರದ ಕೆಲಸ. ಒಲಿದ ಕೆಲಸದಲ್ಲಿ ದೇವರು ಕುಣಿಯುವುದನ್ನು ಹರಿಹರನು ತೋರಿಸಿದನು; ಒಲ್ಲದ ಕೆಲಸದಲ್ಲಿ ದೇವರು ಸುಮ್ಮನೆ ಜೊತೆಗಿರುವುದನ್ನು ಈ ಅಡಿಗೆಯವನು ತೋರಿಸಿದನು. ಲೋಕದಲ್ಲಿ ಎರಡನೆಯ ಬಗೆಯ ಕೆಲಸವೇ ಹೆಚ್ಚು.

ಗ್ರಂಥದಲ್ಲಿಲ್ಲದಿರುವುದೂ ಒಂದುಂಟು. ಮಾಡುವವನ ಮನಸ್ಸು ಎಲ್ಲಿದೆಯೆಂದು ಲಾರೆನ್ಸನು ಕೇಳುವನೇ ಹೊರತು, ಮಾಡಿದುದರ ಫಲವು ಯಾರಿಗೆ, ಎಷ್ಟು ಎಂದು ಕೇಳುವುದಿಲ್ಲ. ಮಠವಾಸಿಗೆ ಸ್ವಂತದ್ದೇನೂ ಇಲ್ಲದುದರಿಂದ ಅವನಿಗೆ ಆ ಪ್ರಶ್ನೆಯು ಹುಟ್ಟಲಿಲ್ಲ, ಸಂಸಾರಿಗಳಿಗೆ ಹುಟ್ಟಲೇಬೇಕು. ಶರಣರು ಕಾಯಕದ ಜೊತೆಗೆ ದಾಸೋಹವನ್ನಿರಿಸಿದುದು ಇದಕ್ಕಾಗಿಯೇ. ಬಿದ್ದ ಅಕ್ಕಿಯನ್ನಾಯ್ದು ಜೀವಿಸುತ್ತಿದ್ದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರಬೇಕೆಂದು ಅವನ ಪತ್ನಿ ಲಕ್ಕಮ್ಮನು ಹೇಳಿದ ಕಥೆಯು ಎಲ್ಲರಿಗೂ ತಿಳಿದುದೇ. ಚೆನ್ನಬಸವಣ್ಣನ ಸಮಾಧಿಯಿರುವ ಉಳವಿಗೆ ಹೋಗುವ ಯಾತ್ರಿಕರನ್ನು ಕಾಣುವ ನಾವು ಈ ಅಳತೆಗೋಲನ್ನು ಕೈಬಿಡಲಾಗದು.

ಅಳತೆಗೋಲನ್ನು ಬಿಟ್ಟರೆ ಅಪಾಯವೂ ಉಂಟು. ಒಲೆಯ ಹೊಗೆಯನ್ನು ಕಾಣದವರು ಈ ಪುಸ್ತಕವನ್ನು ಕೈಯಲ್ಲಿ ಹಿಡಿದು, ‘ಪಾತ್ರೆ ಬೆಳಗುವುದೂ ಪೂಜೆಯಮ್ಮ, ತೃಪ್ತಿಯಿಂದಿರು’ ಎಂದು ಮನೆಯ ಹೆಣ್ಣುಮಕ್ಕಳಿಗೂ ಆಳುಗಳಿಗೂ ಉಪದೇಶಿಸಬಹುದು. ಲಾರೆನ್ಸನು ತನ್ನ ಒಲೆಯ ಮುಂದೆ ನಿಂತು ತನಗೆ ತಾನೇ ಹೇಳಿಕೊಂಡ ಮಾತು ಅದು. ಹೇಳುವವನೇ ದುಡಿಯುವವನಾದಾಗ ಅದು ಅಧ್ಯಾತ್ಮ; ದುಡಿಸುವವನು ಹೇಳಿದಾಗ ಅದು ಕೇವಲ ಅನುಕೂಲಶಾಸ್ತ್ರ. ಗ್ರಂಥವನ್ನು ಮೆಚ್ಚುವ ಗೃಹಸ್ಥನು ಮೊದಲು ಒಂದು ಹೊತ್ತು ತಾನೇ ಪಾತ್ರೆಯನ್ನು ಬೆಳಗಿ ನೋಡಲಿ.

ಕೊನೆಗೆ ಇದನ್ನು ಕನ್ನಡಿಸುವವರಿಗೆ ಒಂದು ಬಿನ್ನಹ. ಮೂಲದ ಮುಖ್ಯಪದಕ್ಕೆ ‘ಧ್ಯಾನ’ವೆಂಬುದು ಸಲ್ಲದು, ಆ ಮಾತು ಕೇಳಿದೊಡನೆ ಕಣ್ಣು ಮುಚ್ಚಿ ಕುಳಿತವನ ಚಿತ್ರವು ಮನಸ್ಸಿಗೆ ಬರುವುದು. ‘ಸನ್ನಿಧಿ’ಯೇ ತಕ್ಕುದು. ದೇವಾಲಯದಲ್ಲಿ ನಿಂತು ನಾವಾಡುವ ಆ ಮಾತನ್ನು ಅಡಿಗೆಯ ಮನೆಯೊಳಕ್ಕೆ ತರುವುದೇ ಇವನ ಸಾಧನೆ. ಶೈಲಿಯೂ ಸಂಸ್ಕೃತಭೂಯಿಷ್ಠವಾಗದೆ, ಅಡಿಗೆಯ ಮನೆಯಲ್ಲಿರುವವರಿಗೆ ಓದಿ ಹೇಳಿದರೆ ಅವರು ಕೈಕೆಲಸವನ್ನು ನಿಲ್ಲಿಸದೆ ಕೇಳಿ ಗ್ರಹಿಸುವಂತಿರಬೇಕು. ಅವರು ಒಪ್ಪಿದರೆ ಅನುವಾದವು ಸಾರ್ಥಕವಾಯಿತೆಂದು ಸಹೃದಯರು ತಿಳಿಯಬಹುದು.